ಊರೊಳಗಿದ್ದ ಎಕ್ಸ್‌ಚೇಂಜು

ಮಾಗಡಿ ತಾಲೂಕಿನ ತಿಪ್ಪಸಂದ್ರದಲ್ಲಿ ಒಬ್ಬರು ಪಕ್ಕದ ಬೀದಿಯವರಿಗೆ ಮೊಬೈಲಿನಲ್ಲಿ ಕರೆ ಮಾಡಿದರೆ ಆ ಮಾತು ನೇರವಾಗಿ ಪಕ್ಕದ ಬೀದಿಗೆ ಹೋಗುವುದಿಲ್ಲ. ಟವರಿನಿಂದ ಹೊರಟು, ದೂರದ ನಗರದಲ್ಲಿ ಕಂಪನಿಯವರು ಇಟ್ಟಿರುವ ‘ಕೋರ್’ ಎಂಬ ಕೇಂದ್ರವನ್ನು ಮುಟ್ಟಿ, ಮತ್ತೆ ಅದೇ ಟವರಿಗೆ ಬಂದಿಳಿಯುತ್ತದೆ. ನಡುದಾರಿಯಲ್ಲಿ ಜೆಸಿಬಿ ಕೇಬಲ್ ಕಿತ್ತರೆ ಎದುರುಮನೆಗೂ ಫೋನ್ ಸಿಗದು. ಸಾಫ್ಟ್‌ವೇರಿನಿಂದಲೇ ಮೊಬೈಲ್ ನೆಟ್‌ವರ್ಕ್ ಕಟ್ಟುವುದು ನನ್ನ ಸಂಶೋಧನೆಯ ವಿಷಯ. ಆ ಕಡೆಯಿಂದ ನೋಡಿದರೆ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರಲ್ಲಿ ಆದದ್ದು ಹಳೆಯ ಕತೆ ಅನ್ನಿಸುವುದಿಲ್ಲ.

ಅದಕ್ಕೆ ಮೊದಲು ನಮ್ಮಲ್ಲಿದ್ದವು ಬಹುಪಾಲು ಯಾಂತ್ರಿಕ ಎಕ್ಸ್‌ಚೇಂಜುಗಳು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಸ್ಟ್ರೋಜರ್ ಯಂತ್ರಗಳನ್ನು ತಯಾರಿಸುತ್ತಿತ್ತು. ಡಯಲ್ ತಿರುಗಿಸಿದಂತೆ ಲೋಹದ ಕೈಯೊಂದು ಟಕಟಕನೆ ಮೇಲೇರಿ, ಸುತ್ತಿ, ಬೇಕಾದ ಲೈನನ್ನು ಹಿಡಿಯುತ್ತಿತ್ತು. ಬುದ್ಧಿಯೆಲ್ಲ ಲೋಹದಲ್ಲೇ, ಏನು ಬದಲಿಸಬೇಕಾದರೂ ಸ್ಕ್ರೂಡ್ರೈವರ್ ಬೇಕು. ಆಮೇಲೆ ಫ್ರಾನ್ಸಿನಿಂದ ಡಿಜಿಟಲ್ ತಂತ್ರಜ್ಞಾನ ಬಂತು. ಅದು ದೊಡ್ಡ ಊರುಗಳ ಲೆಕ್ಕದ್ದು, ಎಸಿ ಕೋಣೆಯ ಯಂತ್ರ.

1984ರಲ್ಲಿ ಸರ್ಕಾರ ಸಿ-ಡಾಟ್ ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ, ಜಿ.ಬಿ. ಮೀಮಾಂಸಿ ಮುಂದಾಳುಗಳು, ಕೆಲಸ ದೆಹಲಿ, ಬೆಂಗಳೂರುಗಳಲ್ಲಿ, ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ದೊಡ್ಡ ಎಕ್ಸ್‌ಚೇಂಜು ಗಡುವಿಗೆ ಮುಗಿಯಲಿಲ್ಲ, ಬೈಗುಳವೂ ಬಂತು. ಗೆದ್ದದ್ದು ಪುಟ್ಟದು. 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಮೊದಲು ನಿಂತ ಗ್ರಾಮೀಣ ಎಕ್ಸ್‌ಚೇಂಜಿನಲ್ಲಿ ಊರಿನವೂ ಹೊರಊರಿನವೂ ಸೇರಿ 128 ಲೈನು. ಎಸಿ ಬೇಡ, ಬಿಸಿಲು, ಧೂಳು ತಡೆದುಕೊಳ್ಳುತ್ತಿತ್ತು. ಕರೆ ಕೂಡಿಸುವ ಬುದ್ಧಿ ಲೋಹದಿಂದ ಪ್ರೋಗ್ರಾಮಿಗೆ ಬಂದಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಆ ಪ್ರೋಗ್ರಾಮು ಊರೊಳಗೇ ಇತ್ತು. ಹೊರಗಿನ ಲೈನು ಸತ್ತರೂ ಊರಿನವರು ಊರಿನವರ ಜೊತೆ ಮಾತಾಡಬಹುದಿತ್ತು.

ಮೊಬೈಲ್ ಬಂದಾಗ ಬುದ್ಧಿ ಮತ್ತೆ ನಗರ ಸೇರಿತು. 2012ರ ಅಕ್ಟೋಬರಿನಲ್ಲಿ ಜಗತ್ತಿನ ದೊಡ್ಡ ಫೋನ್ ಕಂಪನಿಗಳು ಕೂಡಿ, ನೆಟ್‌ವರ್ಕಿನ ಕೆಲಸಗಳನ್ನು ವಿಶೇಷ ಪೆಟ್ಟಿಗೆಗಳಿಂದ ಬಿಡಿಸಿ ಸಾಮಾನ್ಯ ಸರ್ವರುಗಳಲ್ಲಿ ಓಡುವ ಸಾಫ್ಟ್‌ವೇರ್ ಮಾಡೋಣ ಎಂದು ಬರೆದವು. 5ಜಿಯ ಕೋರ್ ಆ ವಿಚಾರದ ಮೇಲೆಯೇ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲೂ ಕೋರ್ ಸಿ-ಡಾಟಿನದೇ, ಟವರಿನ ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು.

ಸಾಫ್ಟ್‌ವೇರಿಗೆ ಇಂಥದೇ ಊರು ಎಂದಿಲ್ಲ. ಮಾತು, ಡೇಟಾ ಹಾದುಹೋಗುವ ಭಾಗವನ್ನು ಮಾಗಡಿಯಲ್ಲೇ ಇಡಲು 5ಜಿ ವಿನ್ಯಾಸ ಅವಕಾಶ ಕೊಡುತ್ತದೆ. ಆದರೆ ದಾರಿ ಮಾತ್ರ ಹತ್ತಿರ ಬಂದು, ಕರೆ ಕೂಡಿಸುವ ಹಿಡಿತ ನಗರದಲ್ಲೇ ಉಳಿದರೆ ಕೇಬಲ್ ಕಿತ್ತ ದಿನ ಮತ್ತದೇ ಪಾಡು. ಹೊರಸಂಪರ್ಕ ಕಡಿದಾಗಲೂ ಟವರು ತನ್ನ ಸುತ್ತಲಿನವರ ನಡುವೆ ಮಾತು ನಡೆಸುವ ವಿಧಾನ 4ಜಿಯ ಅಂತರರಾಷ್ಟ್ರೀಯ ಮಾನದಂಡಗಳಲ್ಲೇ ಇದೆ. ಅದನ್ನು ಬರೆದದ್ದು ಪೊಲೀಸರಿಗೆ, ಅಗ್ನಿಶಾಮಕ ದಳದಂಥವರಿಗೆ. ತಿಪ್ಪಸಂದ್ರದ ಎದುರುಮನೆಯ ಕರೆಗಲ್ಲ.