ಬಂಕರ್ ಹೊಡೆತ (ಗಾಲ್ಫ್)

ಬಂಕರ್ ಹೊಡೆತವೆಂದರೆ ಗಾಲ್ಫ್ ಮೈದಾನದ ಮರಳುಗುಂಡಿಗೆ ಬಿದ್ದ ಚೆಂಡನ್ನು ಹೊರಗೆತ್ತುವ ಹೊಡೆತ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ನಡುವಿನ ತಗ್ಗುಗಳೇ ಬಂಕರುಗಳ ಮೂಲ. ಇದಕ್ಕೆ ಬಳಸುವ ಸ್ಯಾಂಡ್ ವೆಜ್ ಕೋಲನ್ನು ಸುಧಾರಿಸಿ ಜನಪ್ರಿಯಗೊಳಿಸಿದವರು 1932ರ ಬ್ರಿಟಿಷ್ ಓಪನ್ ವಿಜೇತ ಜೀನ್ ಸರಾಜೆನ್. ಕರ್ನಾಟಕದ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು; ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿಯೂ ಗಾಲ್ಫ್ ಮೈದಾನವಿದೆ.

ವಿಧಾನ

ಗ್ರೀನ್ ಪಕ್ಕದ ಬಂಕರಿನಲ್ಲಿ ಕೋಲು ನೇರವಾಗಿ ಚೆಂಡಿಗೆ ತಾಗಬಾರದು. ಚೆಂಡಿನ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಕೋಲು ಮರಳನ್ನು ಸೀಳಿದಾಗ, ಚಿಮ್ಮುವ ಮರಳೇ ಚೆಂಡನ್ನು ಮೇಲೆತ್ತುತ್ತದೆ. ಆಟಗಾರನು ಪಾದಗಳನ್ನು ಮರಳಿನಲ್ಲಿ ಊರಿ, ಚೆಂಡು ಮುಂದಿನ ಪಾದದ ಕಡೆಗಿರುವಂತೆ ನಿಂತು, ಕೋಲಿನ ಮುಖವನ್ನು ತೆರೆದು ಹಿಡಿಯುತ್ತಾನೆ. ಚೆಂಡು ದೂರ ಹಾರೀತೆಂಬ ಅಂಜಿಕೆಯಿಂದ ಬೀಸನ್ನು ನಡುವೆ ನಿಲ್ಲಿಸುವುದು ಸಾಮಾನ್ಯ ದೋಷ. ಆಗ ಚೆಂಡು ಗುಂಡಿಯಲ್ಲೇ ಉಳಿಯುತ್ತದೆ.

ಮರಳಿನ ಗುಣ

ಪಣಂಬೂರಿನಂತಹ ಕಡಲತೀರದಲ್ಲಿ ಅಲೆ ತಾಗಿದ ಮರಳು ಗಟ್ಟಿಯಾಗಿರುತ್ತದೆ, ಒಣಮರಳಿನಲ್ಲಿ ಕಾಲು ಹೂಳುತ್ತದೆ. ಬಂಕರಿನಲ್ಲಿಯೂ ಹಾಗೆಯೇ. ಮಳೆಯಿಂದ ಗಟ್ಟಿಯಾದ ಮರಳಿನಲ್ಲಿ ಕೋಲು ಪುಟಿಯುವುದರಿಂದ ಅದರ ಮುಖವನ್ನು ಕಡಿಮೆ ತೆರೆಯಬೇಕು. ಸಡಿಲ ಮರಳಿನಲ್ಲಿ ಹೆಚ್ಚು ತೆರೆಯಬೇಕು.

ನಿಯಮ

ಹೊಡೆತಕ್ಕೆ ಮುನ್ನ ಚೆಂಡಿನ ಹಿಂದಿನ ಅಥವಾ ಮುಂದಿನ ಮರಳಿಗೆ ಕೋಲನ್ನು ತಾಗಿಸುವಂತಿಲ್ಲ. 2019ರ ನಿಯಮಗಳಂತೆ, 2 ಹೊಡೆತಗಳ ದಂಡ ತೆತ್ತು ಚೆಂಡನ್ನು ಬಂಕರಿನ ಹೊರಗಿಟ್ಟು ಆಡಬಹುದು. ಆಡಿದ ಬಳಿಕ ಮರಳನ್ನು ಸಮಗೊಳಿಸುವುದು ಶಿಷ್ಟಾಚಾರ.