ಚೊಂಬಿನ ಮೇಲಿನ ಹೊಳಪು

ನಮ್ಮ ಪ್ರೌಢಶಾಲೆ ಆರಂಭವಾದದ್ದು 1975ರ ಜೂನ್ ತಿಂಗಳಲ್ಲಿ. ಅದೇ ತಿಂಗಳು ಅಮೆರಿಕದ ಗಣಕ ವಿಜ್ಞಾನ ಪತ್ರಿಕೆಯೊಂದರಲ್ಲಿ ಏಳು ಪುಟಗಳ ಪ್ರಬಂಧವೊಂದು ಪ್ರಕಟವಾಯಿತು. ಬರೆದವರು ಬುಯಿ ತುವಾಂಗ್ ಫಾಂಗ್ ಎಂಬ ವಿಯೆಟ್ನಾಮಿನ ಯುವಕ. ಅದೇ ವರ್ಷ ಅವರು ತೀರಿಕೊಂಡರು. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಆ ಏಳು ಪುಟಗಳಿಗೂ ಐವತ್ತು ತುಂಬಿದೆ. ಕಂಪ್ಯೂಟರ್ ಗ್ರಾಫಿಕ್ಸ್ ಓದಿದ ನಾನು ಈ ಸಂಚಿಕೆಗೆ ಬರೆಯಲು ಕುಳಿತಾಗ ನೆನಪಾದದ್ದು ಆ ವಿದ್ಯಾರ್ಥಿಯೇ.

ಸ್ನಾತಕೋತ್ತರ ತರಗತಿಯಲ್ಲಿ ‘ಫಾಂಗ್’ ಎಂಬ ಪದವನ್ನು ಮೊದಲು ಕೇಳಿದಾಗ ಅದು ಮನುಷ್ಯನ ಹೆಸರೆಂದು ನನಗೆ ಹೊಳೆಯಲೇ ಇಲ್ಲ. ವಸ್ತುವಿನ ಮೇಲೆ ಬೆಳಕು ಬೀಳುವುದನ್ನು ಲೆಕ್ಕ ಹಾಕುವ ಒಂದು ವಿಧಾನದ ಹೆಸರಾಗಿ ಮಾತ್ರ ಅದನ್ನು ಕಲಿತೆ. ಆ ಮನುಷ್ಯನ ಕಥೆ ತಿಳಿದದ್ದು ಆಮೇಲೆ.

ಅವರು ಹುಟ್ಟಿದ್ದು 1942ರಲ್ಲಿ, ಹನೋಯ್ ನಗರದಲ್ಲಿ. 1954ರಲ್ಲಿ ದೇಶ ಎರಡು ಭಾಗವಾದಾಗ ದಕ್ಷಿಣದ ಸೈಗಾನ್‌ಗೆ ಬಂದರು. 1964ರಲ್ಲಿ ಓದಲೆಂದು ಫ್ರಾನ್ಸಿಗೆ ಹೋಗಿ, ಗ್ರೆನೋಬಲ್‌ನಲ್ಲಿ ವಿಜ್ಞಾನ ಪದವಿಯನ್ನೂ 1968ರಲ್ಲಿ ತುಲೂಸ್‌ನಲ್ಲಿ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. ಅಲ್ಲಿನ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, 1971ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ವಿದ್ಯಾರ್ಥಿಯಾಗಿ ಸೇರಿದರು.

ಆಗ ಯೂಟಾದಲ್ಲಿ ಡೇವಿಡ್ ಇವಾನ್ಸ್ ಮತ್ತು ಐವಾನ್ ಸದರ್ಲ್ಯಾಂಡ್ ಎಂಬ ಪ್ರಾಧ್ಯಾಪಕರಿದ್ದರು. ಗಣಕದಿಂದ ಚಿತ್ರ ಬರೆಸುವ ಕನಸಿದ್ದ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರು. ಮುಂದೆ ಪಿಕ್ಸಾರ್ ಕಟ್ಟಿದ ಎಡ್ ಕ್ಯಾಟ್ಮುಲ್, ಅಡೋಬಿ ಕಂಪನಿ ಕಟ್ಟಿದ ಜಾನ್ ವಾರ್ನಾಕ್ ಇಬ್ಬರೂ ಅಲ್ಲಿಯ ವಿದ್ಯಾರ್ಥಿಗಳೇ. ಸ್ಕ್ಯಾನರ್ ಇಲ್ಲದ ಕಾಲ. ಸದರ್ಲ್ಯಾಂಡ್ ಅವರ ತರಗತಿಯವರು ಅವರ ಮನೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೈಮೇಲೆ ಗೆರೆ ಎಳೆದು, ಅಳತೆಕೋಲು ಹಿಡಿದು ಒಂದೊಂದೇ ಬಿಂದುವನ್ನು ಅಳೆದು ಗಣಕಕ್ಕೆ ಕೊಟ್ಟರು. ಆ ಕಾರಿನ ಚಿತ್ರ ತಯಾರಿಸಿದವರಲ್ಲಿ ಫಾಂಗ್ ಕೂಡ ಒಬ್ಬರು.

ಇನ್ನು ಅವರ ಮುಖ್ಯ ಕೆಲಸ. ಗಣಕಕ್ಕೆ ದುಂಡಗಿನ ವಸ್ತು ಗೊತ್ತಿಲ್ಲ. ಚೊಂಬನ್ನು ತೋರಿಸಬೇಕಾದರೆ ಅದನ್ನು ನೂರಾರು ಚಪ್ಪಟೆ ತುಂಡುಗಳಾಗಿ ಒಡೆದು ಜೋಡಿಸಬೇಕು. ಹಾಗೆ ಮಾಡಿದರೆ ಚೊಂಬು ತಗಡು ಬೆಸೆದಂತೆ ಕಾಣುತ್ತದೆ. 1971ರಲ್ಲಿ ಅದೇ ಯೂಟಾದ ವಿದ್ಯಾರ್ಥಿ ಆನ್ರಿ ಗೂರೋ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ತುಂಡಿನ ಮೂಲೆಗಳಲ್ಲಿ ಬೆಳಕು ಎಷ್ಟೆಂದು ಲೆಕ್ಕ ಹಾಕಿ, ನಡುವಿನ ಜಾಗಕ್ಕೆ ಆ ಬೆಳಕನ್ನೇ ಹದವಾಗಿ ಹಂಚುವುದು. ಅಂಚುಗಳು ಬಹುಪಾಲು ಮರೆಯಾದವು. ಆದರೆ ತುಂಡಿನ ನಡುವೆ ಬೀಳಬೇಕಾದ ಹೊಳಪಿನ ಚುಕ್ಕೆ ಮೂಲೆಗಳನ್ನು ಮುಟ್ಟದಿದ್ದರೆ ಕಳೆದೇಹೋಗುತ್ತಿತ್ತು.

ಫಾಂಗ್ ಹಂಚಿದ್ದು ಬೆಳಕನ್ನಲ್ಲ, ಮೇಲ್ಮೈಯ ದಿಕ್ಕನ್ನು. ಪ್ರತಿ ಮೂಲೆಯಲ್ಲೂ ಮೇಲ್ಮೈಗೆ ಎಳೆದ ಲಂಬ ಯಾವ ಕಡೆ ಮುಖ ಮಾಡಿದೆ ಎಂದು ನೋಡಿ, ನಡುವಿನ ಪ್ರತಿ ಬಿಂದುವಿಗೂ ಲಂಬದ ದಿಕ್ಕನ್ನು ಅಂದಾಜು ಮಾಡಿದರು. ಆಮೇಲೆ ಆಯಾ ಬಿಂದುವಿನಲ್ಲೇ ಬೆಳಕನ್ನು ಲೆಕ್ಕ ಹಾಕಿದರು.

ಆ ಲೆಕ್ಕ ಅರ್ಥವಾಗಬೇಕಾದರೆ ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಚೊಂಬನ್ನೂ ಮಣ್ಣಿನ ಮಡಕೆಯನ್ನೂ ಬಿಸಿಲಿನಲ್ಲಿಟ್ಟು ನೋಡಿ. ನೆರಳಿನ ಭಾಗವೂ ಪೂರ್ತಿ ಕಪ್ಪಲ್ಲ, ಸುತ್ತಲಿನ ಮಂದ ಬೆಳಕು ಅಲ್ಲಿರುತ್ತದೆ. ಬಿಸಿಲು ನೇರ ಬಿದ್ದಲ್ಲಿ ಹೆಚ್ಚು ಬೆಳಕು, ಓರೆಯಾಗಿ ಬಿದ್ದಲ್ಲಿ ಕಡಿಮೆ. ಇವೆರಡೂ ಮಡಕೆಗೂ ಉಂಟು. ಚೊಂಬಿನ ಮೇಲೆ ಮಾತ್ರ ಫಳಫಳಿಸುವ ಚುಕ್ಕೆಯೊಂದಿದೆ. ನೀವು ತಲೆ ಸರಿಸಿದರೆ ಅದೂ ಸರಿಯುತ್ತದೆ. ಫಾಂಗ್ ಈ ಮೂರನ್ನೂ ಕೂಡಿಸಿದರು.

ಕೂಡಿಸಲು ಬಳಸಿದ್ದು ಕೊಸೈನ್. ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿ ಬಂದಾಗ “ಇದರಿಂದ ಏನು ಉಪಯೋಗ ಸಾರ್?” ಎಂದು ನಾನು ಕೇಳಿದ್ದೆ. ಗಣಿತದ ಮೇಷ್ಟ್ರು ನಕ್ಕು, “ಮೊದಲು ಕಲಿ, ಉಪಯೋಗ ತಾನೇ ಹುಡುಕಿಕೊಂಡು ಬರುತ್ತೆ” ಎಂದಿದ್ದರು. ಅದು ಬಂದದ್ದು ಹೀಗೆ. ಕೋನ ಸೊನ್ನೆಯಾದರೆ ಕೊಸೈನ್ 1, 60 ಡಿಗ್ರಿಯಾದರೆ ಅರ್ಧ, 90 ಆದರೆ ಸೊನ್ನೆ. ಓರೆ ಬಿಸಿಲಿನ ಲೆಕ್ಕಕ್ಕೆ ಇಷ್ಟು ಸಾಕು. ಹೊಳಪಿನ ಚುಕ್ಕೆಗೆ ಕೊಸೈನನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಬೇಕು. ಹತ್ತನೆಯ ಘಾತಕ್ಕೆ ಏರಿಸಿದರೆ 1 ಒಂದಾಗಿಯೇ ಉಳಿಯುತ್ತದೆ, ಅರ್ಧ ಮಾತ್ರ 1024ರಲ್ಲಿ ಒಂದು ಪಾಲಾಗಿ ಕುಗ್ಗುತ್ತದೆ. ಬೆಳಕೆಲ್ಲ ಒಂದು ಚಿಕ್ಕ ಚುಕ್ಕೆಯಲ್ಲಿ ಕೂಡುತ್ತದೆ. ಘಾತ ಹೆಚ್ಚಾದಷ್ಟೂ ಚುಕ್ಕೆ ಕಿರಿದು, ವಸ್ತು ನುಣುಪು. ಇದು ಭೌತವಿಜ್ಞಾನದ ಪೂರ್ಣ ಸತ್ಯವಲ್ಲ, ಕಣ್ಣು ಒಪ್ಪುವಂಥ ಜಾಣ ಅಂದಾಜು.

1973ರಲ್ಲಿ ಅವರು ಪಿಎಚ್.ಡಿ. ಮುಗಿಸಿದರು. ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಗುಣವಾಗದ ಕಾಯಿಲೆ ಇರುವುದು ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಗೊತ್ತಿತ್ತು ಎಂದು ಅವರನ್ನು ಬಲ್ಲವರು ಹೇಳಿದ್ದಾರೆ. 1975ರ ಏಪ್ರಿಲ್ 30ರಂದು ಅವರು ಬೆಳೆದ ಸೈಗಾನ್ ಪತನವಾಯಿತು. ಜೂನ್‌ನಲ್ಲಿ ಆ ಏಳು ಪುಟ ಅಚ್ಚಾದವು. ಸಾಯುವಾಗ ಅವರಿಗೆ ಮೂವತ್ತು ದಾಟಿ ಎರಡು ಮೂರು ವರ್ಷ ಅಷ್ಟೇ.

ಪ್ರತಿ ಬಿಂದುವಿಗೂ ಲೆಕ್ಕ ಹಾಕುವುದು ಅಂದಿನ ಗಣಕಗಳಿಗೆ ಬಹಳ ಭಾರವಾಗಿತ್ತು. 1977ರಲ್ಲಿ ಯೂಟಾದ ಇನ್ನೊಬ್ಬ ವಿದ್ಯಾರ್ಥಿ ಜಿಮ್ ಬ್ಲಿನ್ ಹೊಳಪಿನ ಲೆಕ್ಕವನ್ನು ತುಸು ಬದಲಿಸಿದರು. ಇಬ್ಬರ ಹೆಸರೂ ಸೇರಿದ ಆ ವಿಧಾನ ದಶಕಗಳ ಕಾಲ ಗಣಕದ ಆಟಗಳಲ್ಲಿ, ಎಂಜಿನಿಯರಿಂಗ್ ಚಿತ್ರಗಳಲ್ಲಿ ಬಳಕೆಯಾಯಿತು. ಇಂದು ನಮ್ಮ ಜೇಬಿನ ಮೊಬೈಲ್ ಅದೇ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುತ್ತದೆ.

ಇನ್ನೊಂದು ಮಾತು. ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ನಮ್ಮಲ್ಲಿ ಊರಿನ, ತಂದೆಯ ಇನಿಶಿಯಲ್ ಮೊದಲು ಬರುವ ಹಾಗೆ. ಬುಯಿ ಎಂಬುದು ಅವರ ಮನೆತನ. ಅದು ತಿಳಿಯದೆ ಎಷ್ಟೋ ಪುಸ್ತಕಗಳು ಫಾಂಗ್ ಎಂಬುದನ್ನೇ ಮನೆತನದ ಹೆಸರೆಂದು ಅಚ್ಚು ಮಾಡಿವೆ. ಹೊರದೇಶದ ಅರ್ಜಿಗಳಲ್ಲಿ ಹೆಸರು ಹಿಂದುಮುಂದಾಗಿ ಪೇಚಾಡಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ.

ಈಗ ಹತ್ತನೆಯ ತರಗತಿಯಲ್ಲಿರುವ ಮಕ್ಕಳು ಕಪ್ಪುಹಲಗೆಯ ಮೇಲೆ ಕೊಸೈನ್ ಕಂಡು ಬೇಸರಿಸದಿರಲಿ. ಮನೆಗೆ ಹೋಗಿ, ಬಿಸಿಲಿಗೆ ಚೊಂಬನ್ನು ಹಿಡಿದು, ತಲೆಯನ್ನು ಸ್ವಲ್ಪ ಆಚೀಚೆ ಸರಿಸಿ ನೋಡಲಿ. ಆ ಸರಿಯುವ ಚುಕ್ಕೆಯನ್ನು ಗಣಕಕ್ಕೆ ಕಲಿಸಿದವರೂ ಒಬ್ಬ ವಿದ್ಯಾರ್ಥಿಯೇ.