ಕೋಟಿ ಸಾಲುಗಳನ್ನು ತಿದ್ದುವ ಬಗೆ

2007ರಲ್ಲಿ ಮಹದೇವಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರಲ್ಲಿ ಆ ಪಾಲಿಕೆಯೇ ಐದು ಭಾಗಗಳಾಗಿ, ಮಹದೇವಪುರವು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಮನೆಗಳು ಇದ್ದಲ್ಲೇ ಇವೆ. ದಾಖಲೆಯಲ್ಲಿ ಮಾತ್ರ ಪಾಲಿಕೆಯ ಹೆಸರು ಬದಲಾಗಬೇಕು. ಲಕ್ಷಾಂತರ ಸಾಲುಗಳುಳ್ಳ ಇಂತಹ ಕೋಷ್ಟಕವನ್ನು ಗಣಕಕ್ಕೆ ಒಂದೇ ಆದೇಶ ಕೊಟ್ಟು ತಿದ್ದಬಹುದಲ್ಲವೆ?

ತೊಡಕು ಎಲ್ಲಿದೆ ನೋಡೋಣ. 1970ರ ದಶಕದಲ್ಲಿ ಐಬಿಎಂ ಸಂಸ್ಥೆಯ ‘ಸಿಸ್ಟಮ್ ಆರ್’ ಯೋಜನೆಯಲ್ಲಿದ್ದ ಜಿಮ್ ಗ್ರೇ ‘ಟ್ರಾನ್ಸಾಕ್ಷನ್’ ಪರಿಕಲ್ಪನೆಗೆ ಖಚಿತ ರೂಪ ಕೊಟ್ಟವರಲ್ಲಿ ಪ್ರಮುಖರು. ಕೆಲಸ ಪೂರ್ತಿ ಆಗಬೇಕು, ಇಲ್ಲವೆ ಆಗಲೇಬಾರದು ಎಂಬುದು ಅದರ ನಿಯಮ. ನಡುವೆ ವಿದ್ಯುತ್ ಹೋದರೆ ಹಿಂದಿನ ಸ್ಥಿತಿಗೆ ಮರಳಲೆಂದು ಪ್ರತಿ ಬದಲಾವಣೆಯೂ ‘ಲಾಗ್’ ಕಡತದಲ್ಲಿ ದಾಖಲಾಗುತ್ತದೆ. ಕೆಲಸ ಮುಗಿಯುವವರೆಗೆ ತಿದ್ದಿದ ಸಾಲುಗಳಿಗೆ ಬೀಗ. ಕೋಟಿ ಸಾಲುಗಳನ್ನು ಒಮ್ಮೆಗೇ ತಿದ್ದಹೊರಟರೆ ಲಾಗ್ ಬೆಳೆದು ಡಿಸ್ಕ್ ತುಂಬಬಹುದು. ಅದೇ ಸಾಲುಗಳನ್ನು ತಿದ್ದಬೇಕಾದ ಇತರರು ಕಾಯಬೇಕು. ಕೊನೆಯಲ್ಲಿ ಕೆಟ್ಟರೆ ಗಂಟೆಗಟ್ಟಲೆ ಮಾಡಿದ್ದೆಲ್ಲ ರದ್ದು.

ಗ್ರೇ ಮತ್ತು ಆಂಡ್ರಿಯಾಸ್ ರಾಯ್ಟರ್ 1993ರ ತಮ್ಮ ಗ್ರಂಥದಲ್ಲಿ ಬ್ಯಾಂಕಿನ ಎಲ್ಲ ಖಾತೆಗಳಿಗೂ ಬಡ್ಡಿ ಸೇರಿಸುವ ಉದಾಹರಣೆ ಕೊಟ್ಟು ‘ಮಿನಿ ಬ್ಯಾಚ್’ ವಿಧಾನವನ್ನು ವಿವರಿಸಿದರು. ಕೆಲವು ಸಾವಿರ ಖಾತೆಗಳನ್ನು ತಿದ್ದಿ ಮುಗಿಸುವುದು, ಬಳಿಕ ಮುಂದಿನ ಕಂತು. ಆದರೆ ಎಲ್ಲಿಯವರೆಗೆ ಬಂದೆವೆಂಬ ಗುರುತನ್ನೂ ಅದೇ ಟ್ರಾನ್ಸಾಕ್ಷನ್ನಿನೊಳಗೆ ಬರೆಯಬೇಕು. ಗುರುತನ್ನು ಬೇರೆಯಾಗಿ ಬರೆದರೆ, ಎರಡರ ನಡುವೆ ಗಣಕ ನಿಂತಾಗ ಕೆಲವರಿಗೆ ಎರಡು ಸಲ ಬಡ್ಡಿ ಬೀಳುತ್ತದೆ, ಅಥವಾ ಬೀಳುವುದೇ ಇಲ್ಲ!

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಆಡಳಿತವೂ ಇದೇ ತತ್ತ್ವದಂತೆ ನಡೆಯಿತೆನ್ನಬಹುದು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸುವ ಕೆಲಸವನ್ನು ತಾಲ್ಲೂಕುವಾರು ಹಂಚಲಾಯಿತು. ಒಂದು ತಾಲ್ಲೂಕಿನ ದಾಖಲೆಗಳು ಸಿದ್ಧವಾದ ಮೇಲೆ ಅಧಿಸೂಚನೆ ಹೊರಡಿಸಿ, ಅಲ್ಲಿ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. 2002ರ ವೇಳೆಗೆ ಈ ವ್ಯವಸ್ಥೆ ರಾಜ್ಯವನ್ನು ವ್ಯಾಪಿಸಿತ್ತು. ಪಹಣಿ ತೋರಿಸಿ ಸಾಲ ಪಡೆಯುವ ರೈತನಿಗೆ ಯಾವ ದಾಖಲೆ ಸಿಂಧು ಎಂಬ ಗೊಂದಲ ಇರಬಾರದಷ್ಟೆ. ಆ ಅಧಿಸೂಚನೆಯೇ ಇಲ್ಲಿನ ‘ಗುರುತು’.

ಕಂತಿನ ವಿಧಾನಕ್ಕೂ ಬೆಲೆಯಿದೆ. ಕೆಲಸ ಮುಗಿಯುವವರೆಗೆ ಕೋಷ್ಟಕದಲ್ಲಿ ಹಳತು, ಹೊಸತು ಎರಡೂ ಇರುತ್ತವೆ. ಅದನ್ನು ಓದುವ ಪ್ರೋಗ್ರಾಮ್‌ಗಳು ಎರಡನ್ನೂ ಅರ್ಥಮಾಡಿಕೊಳ್ಳಬೇಕು.

ಶಿಕ್ಷಕರು ಶಾಲೆಯ ಗಣಕದಲ್ಲೇ ಇದನ್ನು ಪರೀಕ್ಷಿಸಬಹುದು. ಲಕ್ಷ ಸಾಲುಗಳ ಕೋಷ್ಟಕವನ್ನು ಕಂತುಗಳಲ್ಲಿ ತಿದ್ದಿಸಿ, ನಡುವೆ ಪ್ರೋಗ್ರಾಮನ್ನು ನಿಲ್ಲಿಸಿ, ಮತ್ತೆ ಆರಂಭಿಸಿ. ಯಾವ ಸಾಲೂ ಎರಡು ಸಲ ಬದಲಾಗದಿದ್ದರೆ ವಿದ್ಯಾರ್ಥಿಗಳಿಗೆ ಪಾಠ ತಿಳಿದಂತೆ.